ಮುಕ್ತ ದತ್ತಾಂಶವೂ ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳೂ

ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಒಂದು ಕಿರುಪ್ರಬಂಧವನ್ನು, ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಹೇಳುವುದಾದರೆ ‘ಪ್ರಾಜೆಕ್ಟ’ನ್ನು, ಬರೆದು ಒಪ್ಪಿಸುವ ಪದ್ಧತಿ ಇಂದು ಅನೇಕ ಕಾಲೇಜುಗಳಲ್ಲಿ ರೂಢಿಯಾಗಿದೆ. ಪದ್ಧತಿಯೇನೋ ಒಳ್ಳೆಯದು. ಆದರೆ ಅರ್ಥಶಾಸ್ತ್ರದ ಅಧ್ಯಾಪಕನಾಗಿ ಇಂಥ ಪ್ರಬಂಧಗಳ ಗಂಟನ್ನು ವರ್ಷಕ್ಕೊಮ್ಮೆ ಬಿಚ್ಚುವ ನನಗೆ ಅದರಲ್ಲಿ ಕಾಣುವುದು ಬಹುಮಟ್ಟಿಗೆ ಒಂದೇ ನೋಟ. “ನೂರು ಜನ ಉತ್ತರದಾತರನ್ನು ಕಂಡು ಮಾಹಿತಿ ಸಂಗ್ರಹಿಸಲಾಯಿತು” ಎಂದು ಬರೆದಿರುತ್ತದೆ. ನೂರು ಪ್ರಶ್ನಾವಳಿಗಳೂ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಪ್ರಾಯಶಃ ಒಂದೇ ರಾತ್ರಿಯಲ್ಲಿ ತುಂಬಿದವಾಗಿರುತ್ತವೆ. ಉತ್ತರ ಹೇಳಿದವರಲ್ಲಿ ಶೇಕಡಾ ಅರವತ್ತು ಜನ ‘ಹೌದು’, ನಲವತ್ತು ಜನ ‘ಇಲ್ಲ’. ಹೋದ ವರ್ಷವೂ ಅರವತ್ತು-ನಲವತ್ತು, ಅದರ ಹಿಂದಿನ ವರ್ಷವೂ ಅಷ್ಟೆ. ಇನ್ನು ಕೆಲವರು ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧವಿರುವ ಹಳೆಯ ಪ್ರಬಂಧಕ್ಕೆ ಹೊಸ ಹೆಸರಿನ ಪುಟ ಅಂಟಿಸಿ ತರುತ್ತಾರೆ. ಆ ದಾರಿಯನ್ನು ಕುರಿತು ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಇದಕ್ಕೆ ವಿದ್ಯಾರ್ಥಿಗಳನ್ನೇ ಹಳಿದು ಸುಮ್ಮನಾಗುವುದು ನ್ಯಾಯವಲ್ಲ. ಮುಂಜಾನೆ ಬಸ್ಸು ಹಿಡಿದು ಗದಗಕ್ಕೆ ಬಂದು, ಸಾಯಂಕಾಲ ಊರು ಸೇರಿ, ಸುಗ್ಗಿಯ ದಿನಗಳಲ್ಲಿ ಹತ್ತಿ ಬಿಡಿಸಲೂ ಶೇಂಗಾ ಕೀಳಲೂ ಹೋಗಬೇಕಾದ ಹುಡುಗನೋ ಹುಡುಗಿಯೋ ನೂರು ಮನೆಗಳ ಬಾಗಿಲು ತಟ್ಟುವುದು ಎಂದು? ಅದಕ್ಕೆ ಬೇಕಾದ ಸಮಯವಿಲ್ಲ, ದುಡ್ಡಿಲ್ಲ. ಬಾಗಿಲು ತೆರೆದ ಮನೆಯವರು ನಿಜ ಹೇಳುತ್ತಾರೆಂಬ ಭರವಸೆಯೂ ಇಲ್ಲ. ಹೀಗಿರಲಾಗಿ ಇನ್ನೊಂದು ದಾರಿಯುಂಟೆಂಬುದನ್ನು ವಿದ್ಯಾರ್ಥಿ ಮಿತ್ರರಿಗೆ ತಿಳಿಸುವುದು ಈ ಲೇಖನದ ಉದ್ದೇಶ. ಬೇರೆಯವರು ಶ್ರಮಪಟ್ಟು ಎಣಿಸಿ, ಅಳೆದು, ಬರೆದು, ಯಾರು ಬೇಕಾದರೂ ತೆಗೆದುಕೊಂಡು ಉಪಯೋಗಿಸಲೆಂದು ಬಿಟ್ಟುಕೊಟ್ಟಿರುವ ಅಂಕಿಅಂಶಗಳ ಮೇಲೆ ಪ್ರಬಂಧವನ್ನು ಕಟ್ಟುವುದೇ ಆ ದಾರಿ. ಇವನ್ನು ಈಗ ‘ಮುಕ್ತ ದತ್ತಾಂಶ’ವೆಂದು ಕರೆಯುತ್ತಾರೆ.

ಮುಕ್ತವೆಂದರೆ ಬರಿಯ ಪುಕ್ಕಟೆಯಲ್ಲ. ಪುಕ್ಕಟೆಯಾಗಿ ದೊರೆತರೂ ಅದನ್ನು ಮರುಬಳಸಲು ಅಪ್ಪಣೆಯಿಲ್ಲದಿದ್ದರೆ ಅದು ಮುಕ್ತವಲ್ಲ. ಅಪ್ಪಣೆಯಿದ್ದರೂ ಯಾರು ಎಣಿಸಿದರು, ಹೇಗೆ ಎಣಿಸಿದರು ಎಂಬ ವಿವರ ಜೊತೆಗಿಲ್ಲದಿದ್ದರೆ ಅದು ಮುಕ್ತವೆಂಬ ಹೆಸರಿಗೆ ಮಾತ್ರ ಸಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಮುಕ್ತ ದತ್ತಾಂಶದ ಹೆಚ್ಚಳವೆಲ್ಲ ಒಂದೇ ಮಾತಿನಲ್ಲಿದೆ: ನೀವು ಮಾಡಿದ ಲೆಕ್ಕವನ್ನು ಮತ್ತೊಬ್ಬರು ಅದೇ ಅಂಕಿಗಳಿಂದ ಮತ್ತೆ ಮಾಡಿ ನೋಡಬಹುದು. ಒಂದೇ ರಾತ್ರಿಯಲ್ಲಿ ತುಂಬಿದ ನೂರು ಪ್ರಶ್ನಾವಳಿಗಳಿಗೆ ಈ ಪರೀಕ್ಷೆ ಇಲ್ಲ.

ಈ ಕಲ್ಪನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಭೂಕಂಪ, ಹವಾಮಾನ, ಸಮುದ್ರ, ಸೂರ್ಯ ಮೊದಲಾದವನ್ನು ಕುರಿತ ಅಳತೆಗಳನ್ನು ಎಲ್ಲ ದೇಶಗಳೂ ಹಂಚಿಕೊಳ್ಳಲೆಂದು ವಿಶ್ವ ದತ್ತಾಂಶ ಕೇಂದ್ರಗಳನ್ನು ಸ್ಥಾಪಿಸಿದರು. ಅಮೇರಿಕೆಗೂ ರಶಿಯಕ್ಕೂ ಮುಖ ಕೊಟ್ಟು ಮಾತಿಲ್ಲದ ಕಾಲವದು; ಆದರೂ ಒಂದು ಕೇಂದ್ರ ಅಲ್ಲಿ, ಇನ್ನೊಂದು ಇಲ್ಲಿ ಏರ್ಪಟ್ಟವು. ನಮ್ಮ ದೇಶದಲ್ಲಿ ಸರಕಾರದ ಅಂಕಿಅಂಶಗಳನ್ನು ಸಾರ್ವಜನಿಕರಿಗೆ ತೆರೆದಿಡುವ ರಾಷ್ಟ್ರೀಯ ನೀತಿ 2012ರಲ್ಲಿ ಬಂದಿತು. ಅವನ್ನು ಯಾವ ಕರಾರಿನ ಮೇಲೆ ಬಳಸಬಹುದೆಂಬ ಪರವಾನಿಗೆಯು 2017ರಲ್ಲಿ ಪ್ರಕಟವಾಯಿತು. ಕರಾರು ಹಗುರವಾದದ್ದು, ಮುಖ್ಯವಾಗಿ ಮೂಲ ಯಾವುದೆಂದು ಹೆಸರಿಸಬೇಕು, ಸರಕಾರವೇ ನಮ್ಮ ತೀರ್ಮಾನವನ್ನು ಒಪ್ಪಿದೆಯೆಂಬ ಭಾವನೆ ಹುಟ್ಟಿಸಬಾರದು.

ವಿದ್ಯಾರ್ಥಿಯೊಬ್ಬನು ಪರರ ಅಂಕಿಗಳನ್ನು ಮತ್ತೆ ಎಣಿಸಿದ್ದರಿಂದ ಏನಾಗಬಹುದೆಂಬುದಕ್ಕೆ ನಮ್ಮ ಶಾಸ್ತ್ರದಲ್ಲಿಯೇ ಒಂದು ಪ್ರಸಿದ್ಧ ಉದಾಹರಣೆಯಿದೆ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನ್ನೆತ್ ರೋಗಾಫ್ ಎಂಬ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು ಒಂದು ಲೇಖನ ಬರೆದರು. ಒಂದು ದೇಶದ ಸರಕಾರದ ಸಾಲವು ಆ ದೇಶದ ವಾರ್ಷಿಕ ಉತ್ಪನ್ನದ ಶೇಕಡಾ 90ನ್ನು ಮೀರಿದರೆ ಬೆಳವಣಿಗೆ ಕುಸಿಯುತ್ತದೆ. ಅಂಥ ದೇಶಗಳ ಸರಾಸರಿ ಬೆಳವಣಿಗೆ ಸೊನ್ನೆಗಿಂತಲೂ ಕೆಳಗೆ, ಶೇಕಡಾ 0.1ರಷ್ಟು ಇಳಿಮುಖವೆಂಬುದು ಅವರ ಲೆಕ್ಕ. ಯುರೋಪಿನಲ್ಲಿಯೂ ಅಮೇರಿಕೆಯಲ್ಲಿಯೂ ಸರಕಾರಗಳು ಖರ್ಚು ಕಡಿಮೆ ಮಾಡಬೇಕೆಂದು ವಾದಿಸಿದವರು ಈ ಲೇಖನವನ್ನು ಮುಂದೆ ಹಿಡಿದರು. ಮುಂದೆ ಅಮ್ಹರ್ಸ್ಟ್ ನಗರದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ, ಪ್ರಕಟವಾದ ಯಾವುದಾದರೊಂದು ಲೇಖನದ ಲೆಕ್ಕವನ್ನು ಮೊದಲಿನಿಂದ ಮಾಡಿ ತೋರಿಸೆಂದು ತರಗತಿಯ ಅಭ್ಯಾಸ ಕೊಟ್ಟರು. ಆತ ಈ ಲೇಖನವನ್ನು ಆರಿಸಿಕೊಂಡ. ಎಷ್ಟು ಸಲ ಮಾಡಿದರೂ ಉತ್ತರ ಕೂಡಿಬರಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಅವರ ಮೂಲ ಲೆಕ್ಕದ ಹಾಳೆಯನ್ನು ಕೇಳಿದ, ಅವರೂ ಕಳಿಸಿಕೊಟ್ಟರು. ಸರಾಸರಿ ತೆಗೆಯುವಾಗ ಐದು ಸಾಲುಗಳು, ಅಂದರೆ ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಮ್, ಕೆನಡಾ, ಡೆನ್ಮಾರ್ಕ್ ದೇಶಗಳು, ಲೆಕ್ಕದಿಂದ ಹೊರಗೆ ಉಳಿದಿದ್ದುವು. ಇದಲ್ಲದೆ ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟದ್ದರ ಬಗೆಗೂ, ದೇಶದೇಶಗಳಿಗೆ ಕೊಟ್ಟ ತೂಕದ ಬಗೆಗೂ ಆತ ಆಕ್ಷೇಪವೆತ್ತಿದ. ಎಲ್ಲವನ್ನೂ ಸರಿಪಡಿಸಿ ಆತನೂ ಆತನ ಇಬ್ಬರು ಗುರುಗಳೂ 2013ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆ ಸರಾಸರಿಯು ಇಳಿಮುಖವಾಗಿರದೆ ಶೇಕಡಾ 2.2ರ ಏರುಮುಖವಾಗಿತ್ತು. ಮೂಲ ಲೇಖಕರು ಹಾಳೆಯಲ್ಲಿನ ತಪ್ಪನ್ನು ಒಪ್ಪಿಕೊಂಡರು. ತಮ್ಮ ಮುಖ್ಯ ತೀರ್ಮಾನವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದು ಪಂಡಿತರ ಜಗಳ, ಇರಲಿ. ನಾವು ನೋಡಬೇಕಾದದ್ದು ಇಷ್ಟು: ಆ ಹಾಳೆ ಕೈಗೆ ಸಿಕ್ಕದಿದ್ದರೆ ಆ ಐದು ಸಾಲುಗಳು ಇಂದಿಗೂ ಬಿಟ್ಟುಹೋಗಿಯೇ ಇರುತ್ತಿದ್ದವು, ಅದನ್ನು ಕೇಳಿ ತರಿಸಿಕೊಂಡವನು ಒಬ್ಬ ವಿದ್ಯಾರ್ಥಿ.

ಇನ್ನು ನಮ್ಮ ಕಡೆಗೆ ಬರೋಣ. ನನ್ನ ಊರು ಗದಗ ತಾಲೂಕಿನ ಹರ್ತಿ. ಹರ್ತಿಯ ಹುಡುಗಿಯೊಬ್ಬಳು “ನಮ್ಮ ಊರಿನಲ್ಲಿ ಅಕ್ಷರಜ್ಞಾನವೂ ಉದ್ಯೋಗವೂ ಹೇಗೆ ಬದಲಾದವು?” ಎಂಬ ವಿಷಯ ಹಿಡಿದಳೆಂದು ಇಟ್ಟುಕೊಳ್ಳೋಣ. ಆಕೆ ಮೊದಲು ನೋಡಬೇಕಾದದ್ದು ಖಾನೇಸುಮಾರಿಯ, ಎಂದರೆ ಜನಗಣತಿಯ, ಜಿಲ್ಲಾ ಕೈಪಿಡಿಯನ್ನು. ಪುಸ್ತಕದ ಗಾತ್ರ ಕಂಡು ಹೆದರಬೇಕಾದದ್ದಿಲ್ಲ. 2011ರ ಕೈಪಿಡಿಗೆ ಎರಡು ಭಾಗಗಳಿವೆ. ಒಂದರಲ್ಲಿ ಊರಿಗೆ ಶಾಲೆ, ದವಾಖಾನೆ, ಅಂಚೆ, ಬಸ್ಸು, ಕುಡಿಯುವ ನೀರು ಉಂಟೋ ಇಲ್ಲವೋ, ಭೂಮಿಯಲ್ಲಿ ನೀರಾವರಿ ಎಷ್ಟು, ಒಣಬೇಸಾಯ ಎಷ್ಟು ಎಂಬ ವಿವರ. ಇನ್ನೊಂದರಲ್ಲಿ ಊರಿನ ಗಂಡಸರು, ಹೆಂಗಸರು, ಆರು ವರ್ಷದೊಳಗಿನ ಮಕ್ಕಳು, ಅಕ್ಷರಸ್ಥರು, ಒಕ್ಕಲುತನ ಮಾಡುವವರು, ಕೂಲಿ ಮಾಡುವವರು, ಮನೆಗೆಲಸದ ಕೈಗಾರಿಕೆಯವರು, ಇತರರು ಎಂದು ವಿಂಗಡಿಸಿದ ಲೆಕ್ಕ. ಗಣತಿ ಇಲಾಖೆಯ ತಾಣದಿಂದ ಇದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮುಂದಿನ ಗಣತಿ 2021ರಲ್ಲಿ ನಡೆಯಬೇಕಾಗಿತ್ತು. ಕೋವಿಡ್ ಕಾರಣದಿಂದ ಮುಂದಕ್ಕೆ ಹೋಗಿ ಅದಕ್ಕೆ 2027ನ್ನು ಗೊತ್ತುಪಡಿಸಿದರು.

ಹುಡುಕುವಾಗಲೇ ಮೊದಲನೆಯ ತೊಡಕು ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಊರಿನ ಹೆಸರನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ರೀತಿ ಬರೆಯುತ್ತಾನೆ. ಒಬ್ಬನಿಗೆ ಅದು ಹರ್ತಿ, ಇನ್ನೊಬ್ಬನಿಗೆ ಹರತಿ. ಅತ್ತ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲೂಕಿನಲ್ಲಿ ಹರ್ತಿಕೋಟೆಯೆಂಬ ಬೇರೊಂದು ಊರೇ ಇದೆ. ಆದುದರಿಂದ ಹೆಸರನ್ನು ನಂಬಿ ಕೂಡಬಾರದು. 2011ರ ಗಣತಿಯಲ್ಲಿ ಪ್ರತಿಯೊಂದು ಹಳ್ಳಿಗೂ ಆರು ಅಂಕಿಗಳ ಒಂದು ಸಂಕೇತವಿದೆ. ಅದನ್ನು ಒಮ್ಮೆ ಗುರುತಿಸಿಕೊಂಡು, ಎಲ್ಲ ಕೋಷ್ಟಕಗಳಲ್ಲಿಯೂ ಆ ಸಂಕೇತದ ಮೂಲಕವೇ ಊರನ್ನು ಹಿಡಿಯಬೇಕು. ಹೊಲವನ್ನು ಹೆಸರಿನಿಂದ ಕರೆದರೂ ಉತಾರದಲ್ಲಿ ಸರ್ವೇ ನಂಬರನ್ನೇ ನೋಡುವುದಿಲ್ಲವೆ, ಹಾಗೆ.

ಹಿಂದಿನ ದಶಕಗಳಿಗೆ ಹೋದಂತೆ ಊರು ಇದ್ದಲ್ಲಿಯೇ ಇರುತ್ತದೆ, ಪುಸ್ತಕ ಬೇರೆಯಾಗುತ್ತದೆ. ಗದಗ ಭಾಗದ 1951ರ ಅಂಕಿಗಳು ಮುಂಬಯಿ ರಾಜ್ಯದ ಸಂಪುಟಗಳಲ್ಲಿ ಧಾರವಾಡ ಜಿಲ್ಲೆಯ ಕೆಳಗೆ ಇವೆ. 1956ರಲ್ಲಿ ಏಕೀಕರಣವಾದ್ದರಿಂದ 1961ರ ಮತ್ತು 1971ರ ಅಂಕಿಗಳನ್ನು ಮೈಸೂರು ರಾಜ್ಯದ ಸಂಪುಟಗಳಲ್ಲಿ ಹುಡುಕಬೇಕು. 1981, 1991ರವು ಕರ್ನಾಟಕದವು, ಆದರೆ ಜಿಲ್ಲೆ ಇನ್ನೂ ಧಾರವಾಡವೇ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ 2001ರಿಂದ ಈಚಿನವು ಮಾತ್ರ ಗದಗ ಜಿಲ್ಲೆಯ ಕೈಪಿಡಿಯಲ್ಲಿ ಸಿಗುತ್ತವೆ. ಲಕ್ಷ್ಮೇಶ್ವರದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮ ತಾಲೂಕು 2011ರ ಗಣತಿಯಲ್ಲಿ ಇಲ್ಲವೇ ಇಲ್ಲ. ಆಗ ಅದು ಶಿರಹಟ್ಟಿ ತಾಲೂಕಿನೊಳಗೆ ಸೇರಿತ್ತು. ಹೀಗಾಗಿ 2011ರ ಶಿರಹಟ್ಟಿಯನ್ನು ಈಗಿನ ಶಿರಹಟ್ಟಿಯೊಡನೆ ಹೋಲಿಸಿ “ಜನಸಂಖ್ಯೆ ಇಳಿದಿದೆ” ಎಂದು ಬರೆದರೆ ಅದು ಜನ ಕಡಿಮೆಯಾದ ಲೆಕ್ಕವಲ್ಲ, ಗಡಿ ಕಡಿಮೆಯಾದ ಲೆಕ್ಕ. ಇನ್ನೂ ಹಿಂದೆ, 1884ರ ಮುಂಬಯಿ ಗ್ಯಾಝೆಟಿಯರಿನ ಧಾರವಾಡ ಸಂಪುಟದವರೆಗೆ ಹೋಗುವವರು ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವೆಂಬುದನ್ನು ಮರೆಯಬಾರದು. ಬ್ರಿಟಿಷ್ ಧಾರವಾಡ ಜಿಲ್ಲೆಯ ಮೊತ್ತಗಳಲ್ಲಿ ಅವು ಕೂಡಿರುವುದಿಲ್ಲ. ಜಿಲ್ಲೆಗಳು ಒಡೆದದ್ದರಿಂದ ಆಗುವ ಈ ತೊಂದರೆಯನ್ನು ಕಂಡು ಇಕ್ರಿಸ್ಯಾಟ್ ಸಂಸ್ಥೆಯವರು ಬೆಳೆ, ಮಳೆ, ಇಳುವರಿಗಳ ಜಿಲ್ಲಾವಾರು ಅಂಕಿಗಳನ್ನು 1966ರ ಗಡಿಗಳಿಗೆ ಹೊಂದಿಸಿ ಒಂದು ಮುಕ್ತ ಸಂಗ್ರಹ ಮಾಡಿದ್ದಾರೆ. ಅದರಲ್ಲಿ ಗದಗವನ್ನು ಹುಡುಕಿದರೆ ಸಿಗಲಾರದು, ಧಾರವಾಡದೊಳಗೇ ಅಡಗಿರುತ್ತದೆ.

ಎರಡನೆಯ ತೊಡಕು ಶಬ್ದಗಳ ಅರ್ಥದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ನಾನು ಓದಿದ ಪ್ರಬಂಧಗಳಲ್ಲಿ ಅಂಕಿ ಸರಿಯಿದ್ದೂ ತೀರ್ಮಾನ ತಪ್ಪಾಗುವುದು ಬಹುಶಃ ಇಲ್ಲಿಯೇ. ಅಕ್ಷರಸ್ಥರ ಪ್ರಮಾಣವನ್ನೇ ತೆಗೆದುಕೊಳ್ಳಿರಿ. ಒಂದು ಊರಿನ ಜನಸಂಖ್ಯೆ 5000, ಅಕ್ಷರಸ್ಥರು 2860 ಎಂದು ಕಲ್ಪಿಸಿಕೊಳ್ಳೋಣ. ಎರಡನ್ನೂ ಭಾಗಿಸಿದರೆ ಶೇಕಡಾ 57.2 ಬರುತ್ತದೆ. ಆದರೆ 1991ರಿಂದ ಗಣತಿಯವರು ಏಳು ವರ್ಷ ಹಾಗೂ ಅದಕ್ಕೆ ಮೇಲ್ಪಟ್ಟವರನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಈ ಪ್ರಮಾಣವನ್ನು ತೆಗೆಯುತ್ತಾರೆ. ತೊಟ್ಟಿಲಲ್ಲಿರುವ ಕೂಸು ಓದಲಾರದೆಂದು ಊರಿಗೆ ಹೆಸರು ಕೆಡಿಸುವುದು ಸರಿಯಲ್ಲವಷ್ಟೆ. ಆ ಊರಿನಲ್ಲಿ ಆರು ವರ್ಷದೊಳಗಿನವರು 600 ಇದ್ದರೆ, 2860ನ್ನು 4400ರಿಂದ ಭಾಗಿಸಬೇಕು. ಆಗ ಬರುವುದು ಶೇಕಡಾ 65. ಒಂದೇ ಊರು, ಒಂದೇ ವರ್ಷ, ಹೆಚ್ಚುಕಡಿಮೆ ಎಂಟು ಅಂಶಗಳ ಅಂತರ. ಒಂದು ದಶಕಕ್ಕೆ ಮೊದಲನೆಯ ರೀತಿಯನ್ನೂ ಮುಂದಿನದಕ್ಕೆ ಎರಡನೆಯದನ್ನೂ ಬಳಸಿದವರು ಊರಿನಲ್ಲಿ ಆಗದ ಪ್ರಗತಿಯನ್ನು ಹಾಳೆಯ ಮೇಲೆ ಮಾಡಿ ತೋರಿಸುತ್ತಾರೆ.

ದುಡಿಯುವವರ ಲೆಕ್ಕ ಇದಕ್ಕಿಂತ ಗಹನವಾದದ್ದು. 1961ರಲ್ಲಿ, ಹಂಗಾಮಿನ ಹೆಚ್ಚು ಭಾಗ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಕ್ರಮವಾಗಿ ದುಡಿದವರೆಲ್ಲ ‘ಕೆಲಸಗಾರ’ರಾಗಿದ್ದರು. 1971ರಲ್ಲಿ ಆ ಪ್ರಶ್ನೆಯನ್ನು ತಿರುಗಿಸಿ, “ನಿಮ್ಮ ಮುಖ್ಯ ಕೆಲಸ ಯಾವುದು?” ಎಂದು ಕೇಳಿದರು. ನಸುಕಿನಲ್ಲಿ ರೊಟ್ಟಿ ಬಡಿದಿಟ್ಟು, ಹಗಲೆಲ್ಲ ಹೊಲದಲ್ಲಿ ಕಳೆ ತೆಗೆದು, ಸಂಜೆ ದನಕ್ಕೆ ಹುಲ್ಲು ಹಾಕುವ ತಾಯಿಯ ಬಗ್ಗೆ ಮನೆಯ ಗಂಡಸು ಏನು ಹೇಳಿದ್ದಾನು? “ಆಕಿ ಮನಿಯಾಗ ಇರತಾಳ್ರೀ” ಎಂದು ಹೇಳಿರುತ್ತಾನೆ. ದೇಶದಲ್ಲೆಲ್ಲ ಆ ಹತ್ತು ವರ್ಷಗಳಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಒಮ್ಮೆಲೆ ಕುಸಿದಂತೆ ಕಂಡಿತು. ಹೆಂಗಸರು ದುಡಿಮೆ ಬಿಟ್ಟಿರಲಿಲ್ಲ, ಪ್ರಶ್ನೆ ಬದಲಾಗಿತ್ತು. 1981ರಿಂದ ವರ್ಷದಲ್ಲಿ ಆರು ತಿಂಗಳು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿಯವರು ಎಂಬ ವಿಂಗಡಣೆ ಬಂದಿತು. ಮಳೆಯಾಶ್ರಿತ ಊರುಗಳಲ್ಲಿ ಬರದ ವರ್ಷ ಗಣತಿಯಾದರೆ ಮೊದಲನೆಯ ಗುಂಪಿನವರು ಎರಡನೆಯದಕ್ಕೆ ಸರಿಯುತ್ತಾರೆಂಬುದನ್ನು ಒಕ್ಕಲಿಗರ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ವ್ಯಾಖ್ಯೆಗಳೆಲ್ಲ ಕೈಪಿಡಿಯ ಮೊದಲ ಪುಟಗಳಲ್ಲಿಯೇ ಅಚ್ಚಾಗಿರುತ್ತವೆ. ಅವನ್ನು ಓದದೆ ಕೋಷ್ಟಕಕ್ಕೆ ಹಾರಬಾರದು.

ಮೂರನೆಯದು, ಅಂಕಿ ಎಷ್ಟು ಆಳಕ್ಕೆ ಇಳಿಯುತ್ತದೆಂಬ ವಿಚಾರ. ಗಣತಿಯಲ್ಲಿ ಪ್ರತಿ ಮನೆಯನ್ನೂ ಎಣಿಸುತ್ತಾರೆ; ಆದ್ದರಿಂದ ಹರ್ತಿಯ ಅಂಕಿ ಹರ್ತಿಯದೇ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥವು ಆಯ್ದ ಮನೆಗಳಿಂದ ಅಂದಾಜು ಕಟ್ಟುವಂಥವು. 2019-21ರ ಸಮೀಕ್ಷೆಯಲ್ಲಿ ಗದಗ ಜಿಲ್ಲೆಗೇ ಒಂದು ಪತ್ರಿಕೆಯಿದೆ, ನಿಜ. ಆದರೆ ಅದು ಜಿಲ್ಲೆಯ ಮಾತು. “ಹರ್ತಿಯಲ್ಲಿ ರಕ್ತಹೀನತೆ ಶೇಕಡಾ ಇಷ್ಟು” ಎಂದು ಅದರಿಂದ ಬರೆಯಲು ಬರುವುದಿಲ್ಲ. ಮಳೆಯ ವಿಷಯವೂ ಹಾಗೆಯೇ. ಹವಾಮಾನ ಇಲಾಖೆಯವರು 1901ರಿಂದ ಈಚಿನ ದಿನದಿನದ ಮಳೆಯನ್ನು ಇಡೀ ದೇಶದ ಮೇಲೆ ಚೌಕಗಳಂತೆ ಹಾಸಿ ಕೊಟ್ಟಿದ್ದಾರೆ. ಒಂದೊಂದು ಚೌಕ ಕಾಲು ಡಿಗ್ರಿಯದು, ಸುಮಾರು 27 ಕಿಲೋಮೀಟರಿನ ಮಗ್ಗುಲಿನದು. ಗದಗ ಸೀಮೆಯಲ್ಲಿ ಅಷ್ಟಗಲದೊಳಗೆ ಎರೆಭೂಮಿಯೂ ಇದೆ, ಮಸಾರಿಯೂ ಇದೆ, ಗುಡ್ಡದ ಬುಡವೂ ಇದೆ. ಒಂದು ಹೊಲದ ಬದುವಿಗೆ ನಿಂತ ಮಳೆ ಮುಂದಿನ ಹೊಲಕ್ಕೆ ಬಾರದೆ ಹೋಗುವುದನ್ನು ನಾವೆಲ್ಲ ಕಂಡವರೇ. ಹೋಲಿಕೆಗೆ ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಅಂಕಿಗಳಿವೆ. 1988ರಲ್ಲಿ ಬರ ಉಸ್ತುವಾರಿಗೆಂದು ಹುಟ್ಟಿದ ಈ ಸಂಸ್ಥೆ ಗ್ರಾಮ ಪಂಚಾಯ್ತಿಗಳ ಮಟ್ಟದವರೆಗೆ ತಾನಾಗಿ ವರದಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ನೂರು ವರ್ಷದ ಉದ್ದ ಒಂದರಲ್ಲಿ, ಊರಿನ ಹತ್ತಿರ ಇನ್ನೊಂದರಲ್ಲಿ. ಪ್ರಶ್ನೆ ಯಾವುದೆಂಬುದರ ಮೇಲೆ ಆಯ್ಕೆ.

ಇವೆಲ್ಲ ಬರಿಯ ಪರೀಕ್ಷೆಯ ಅಂಕಗಳ ಮಾತಲ್ಲ. ಬರವನ್ನು ಸಾರುವುದು ತಾಲೂಕುವಾರು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದರು. ಬೆಳೆ ವಿಮೆಯಂತೂ ಪೂರ್ತಿ ಅಂಕಿಗಳ ಮೇಲೆಯೇ ನಿಂತಿದೆ. 2016ರಲ್ಲಿ ಆರಂಭವಾದ ಫಸಲ್ ಬೀಮಾ ಯೋಜನೆಯ ನಿಯಮದಂತೆ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯ್ತಿಯಲ್ಲಿ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡಬೇಕು. ಎಂದರೆ ಆರಿಸಿದ ಹೊಲದಲ್ಲಿ ಕೆಲವೇ ಮೀಟರು ಉದ್ದಗಲದ ತುಂಡನ್ನು ಅಳೆದು, ಅದರೊಳಗಿನ ಬೆಳೆಯನ್ನು ಕೊಯ್ದು ತೂಗುವುದು. ಆ ನಾಲ್ಕರ ಸರಾಸರಿಯೇ ಇಡೀ ಪಂಚಾಯ್ತಿಯ ಇಳುವರಿ. ಅದನ್ನು ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿಯಿಂದ ಗೊತ್ತುಪಡಿಸಿದ ಮಟ್ಟದೊಡನೆ ಹೋಲಿಸಿ, ಎಷ್ಟು ಕಡಿಮೆಯೋ ಅಷ್ಟರ ಪ್ರಮಾಣದಲ್ಲಿ ಪರಿಹಾರ. ನಾಲ್ಕು ತುಂಡುಗಳಲ್ಲಿ ಒಂದು ಬಾವಿಯ ನೀರು ಕುಡಿದ ಹೊಲದ್ದಾಗಿದ್ದರೆ? ಉಳಿದ ಮೂರು ಎಕರೆಗೆ ಎರಡೆರಡು ಚೀಲ, ಅದೊಂದು ಹತ್ತು ಚೀಲವಾದರೆ, ಸರಾಸರಿ ನಾಲ್ಕು; ಎರಡು ಚೀಲದವರಿಗೂ ನಾಲ್ಕೇ ಎಂದು ಬರೆಯಲ್ಪಡುತ್ತದೆ. ಚಾವಡಿಯಲ್ಲಿ ಕುಳಿತು “ವಿಮೆ ಬರಲಿಲ್ಲ” ಎಂದು ಸಿಟ್ಟಾಗುವ ಹಿರಿಯರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬಲ್ಲ ಒಬ್ಬ ಪದವೀಧರ ಪ್ರತಿ ಊರಿನಲ್ಲಿಯೂ ಇರಬೇಕೆಂಬುದು ನನ್ನ ಆಸೆ. ಯಾವ ಪಂಚಾಯ್ತಿಗೆ ಯಾವ ಬೆಳೆ ಗೊತ್ತುಪಡಿಸಿದೆಯೆಂಬ ವಿವರಗಳು ರಾಜ್ಯದ ‘ಸಂರಕ್ಷಣೆ’ ತಾಣದಲ್ಲಿ ಸಿಗುತ್ತವೆ. ಅದರ ಪಕ್ಕದಲ್ಲಿ ಮಳೆಯ ಅಂಕಿ ಇಟ್ಟು ನೋಡಿದರೆ ಒಂದು ಒಳ್ಳೆಯ ಪ್ರಬಂಧಕ್ಕೆ ಬೇಕಾದಷ್ಟು ಸಾಮಗ್ರಿ ಅಲ್ಲಿಯೇ ಉಂಟು.

ಕನ್ನಡ, ಇತಿಹಾಸ ಓದುವವರು ‘ಅಂಕಿಅಂಶ ನಮಗೇಕೆ?’ ಎನ್ನಬಹುದು. ದತ್ತಾಂಶವೆಂದರೆ ಅಂಕಿಯೇ ಆಗಬೇಕೆಂದಿಲ್ಲ. ನಮ್ಮ ಭಾಗದ ಶಾಸನಗಳು ದಕ್ಷಿಣ ಭಾರತದ ಶಾಸನಗಳ ಸಂಪುಟಗಳಲ್ಲಿ, ಮುಂಬಯಿ-ಕರ್ನಾಟಕದ ಶಾಸನಗಳೆಂಬ ಭಾಗಗಳಾಗಿ, ಅಚ್ಚಾಗಿ ಇಂದು ಬಿಟ್ಟಿಯಾಗಿ ಓದಲು ದೊರೆಯುತ್ತವೆ. ಒಂದು ತಾಲೂಕಿನ ಶಾಸನಗಳಲ್ಲಿ ದಾನ ಕೊಟ್ಟವರು ಯಾರು, ಕೊಟ್ಟದ್ದು ಏನು, ಅಳತೆ ಯಾವುದು ಎಂದು ಪಟ್ಟಿ ಮಾಡಿದರೆ ಅದೇ ದತ್ತಾಂಶ. ವಚನ ಸಂಚಯವೆಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೆ ಮಿಕ್ಕಿದ ವಚನಗಳನ್ನು ಒಂದೊಂದು ಪದ ಹಿಡಿದು ಹುಡುಕಬಹುದು. ಮೊದಲು ಒಂದು ತಲೆಮಾರಿನ ವಿದ್ವಾಂಸರು ಚೀಟಿಗಳಲ್ಲಿ ಬರೆದು ಹೊಂದಿಸಬೇಕಾಗಿದ್ದ ಕೆಲಸ ಅದು.

ಭೂಗೋಳದವರಿಗೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯಿದೆ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ದೆಸೆಯಿಂದ 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಪಕ್ಷಿಪ್ರಿಯರು ಅಲ್ಲಿ ಕಂಡದ್ದನ್ನು ‘ಇ-ಬರ್ಡ್’ ಎಂಬ ಸಂಗ್ರಹದಲ್ಲಿ ಬರೆದಿಡುತ್ತಾರೆ. ಅಭ್ಯಾಸಕ್ಕೆಂದು ಕೇಳಿದವರಿಗೆ ಅದು ದೊರೆಯುತ್ತದೆ. ಒಂದು ಎಚ್ಚರ: ವರ್ಷದಿಂದ ವರ್ಷಕ್ಕೆ ವರದಿಗಳು ಹೆಚ್ಚಿದರೆ ಹಕ್ಕಿ ಹೆಚ್ಚಿದವೆಂದೇ ಅರ್ಥವಲ್ಲ, ಬೈನಾಕ್ಯುಲರು ಹಿಡಿದವರೂ ಹೆಚ್ಚಿರಬಹುದು. ಎಷ್ಟು ಸಲ ನೋಡಿದ್ದರಲ್ಲಿ ಎಷ್ಟು ಸಲ ಕಂಡವೆಂದು ಭಾಗಿಸಿ ನೋಡಬೇಕು.

ಕೆಲಸದ ಕ್ರಮದ ಬಗ್ಗೆ ಎರಡು ಮಾತು. ಇಳಿಸಿಕೊಂಡ ಮೂಲ ಕಡತವನ್ನು ಎಂದಿಗೂ ತಿದ್ದಬಾರದು. ಬೇರೆ ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡತಕ್ಕದ್ದು. ಯಾವ ಸಾಲನ್ನು ಬಿಟ್ಟೆ, ಏಕೆ ಬಿಟ್ಟೆ, ಎಲ್ಲಿ ಕೂಡಿಸಿದೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಬೇಕು. ಪ್ರಬಂಧದಲ್ಲಿ “ಮೂಲ: ಅಂತರ್ಜಾಲ” ಎಂದು ಬರೆಯುವುದು, ಪತ್ರದ ಮೇಲೆ “ವಿಳಾಸ: ಭಾರತ” ಎಂದು ಬರೆದಂತೆ. ಯಾವ ಸಂಸ್ಥೆ, ಯಾವ ಸಂಗ್ರಹ, ಯಾವ ವರ್ಷದ್ದು, ಯಾವ ಕೋಷ್ಟಕ, ನೀವು ತೆಗೆದುಕೊಂಡ ದಿನ ಯಾವುದು, ಇಷ್ಟೂ ಇರಬೇಕು. ಕೋಷ್ಟಕದಲ್ಲಿ ಖಾಲಿಯಿರುವ ಮನೆಯನ್ನು ಸೊನ್ನೆಯೆಂದು ಓದಬಾರದು. ಮಳೆ ಬರಲಿಲ್ಲವೆಂಬುದು ಬೇರೆ, ಮಾಪಕ ಕೆಟ್ಟಿತ್ತೆಂಬುದು ಬೇರೆ.

ಹಾಗಾದರೆ ವಿದ್ಯಾರ್ಥಿಗಳು ಮನೆಬಾಗಿಲಿಗೆ ಹೋಗುವುದೇ ಬೇಡವೆ? ಹೋಗಬೇಕು. ಆದರೆ ನೂರು ಮನೆಯ ಸುಳ್ಳು ಲೆಕ್ಕಕ್ಕಿಂತ ಹನ್ನೆರಡು ಮನೆಯ ನಿಜವಾದ ಮಾತು ಮೇಲು. ಮುಕ್ತ ದತ್ತಾಂಶ ಎಷ್ಟೆಂಬುದನ್ನು ಹೇಳುತ್ತದೆ. ಏಕೆಂಬುದನ್ನು ಬಲ್ಲವರು ಮನೆಯವರು. ಹಾಗೆ ನೀವು ಸ್ವತಃ ಸಂಗ್ರಹಿಸಿದ್ದನ್ನು ಕೂಡ, ಹೆಸರು, ಸರ್ವೇ ನಂಬರು, ಫೋನು ಮೊದಲಾಗಿ ಇಂಥವರೇ ಎಂದು ಗುರುತು ಹತ್ತಿಸುವ ಎಲ್ಲವನ್ನೂ ತೆಗೆದುಹಾಕಿ, ಮುಂದಿನವರಿಗೆ ಬಿಟ್ಟುಕೊಡಬೇಕು. ಚಿಕ್ಕ ಊರಿನಲ್ಲಿ ಹೆಸರು ತೆಗೆದರೂ ಸಾಲದು. “ಊರಿನ ಒಬ್ಬಳೇ ನರ್ಸ್” ಎಂದು ಬರೆದರೆ ಹೆಸರು ಬರೆದಂತೆಯೇ. ಹೀಗೆ ಬಿಟ್ಟುಕೊಡಲು ಝೆನೋಡೋ ಎಂಬ ಭಂಡಾರವಿದೆ. 2013ರಲ್ಲಿ ಯುರೋಪಿನ ಸೆರ್ನ್ ಪ್ರಯೋಗಶಾಲೆಯವರು ಅದನ್ನು ತೆರೆದರು, ಶುಲ್ಕವಿಲ್ಲ. ಅಲ್ಲಿ ಇಟ್ಟ ಪ್ರತಿಯೊಂದು ಸಂಗ್ರಹಕ್ಕೂ ಬದಲಾಗದ ಒಂದು ಗುರುತುಸಂಖ್ಯೆ ಸಿಗುತ್ತದೆ. ಮುಂದೆ ತಿದ್ದಿ ಇಟ್ಟರೆ, ಹೊಲಕ್ಕೆ ಹಿಸ್ಸಾ ನಂಬರು ಬಿದ್ದಂತೆ, ಆ ಆವೃತ್ತಿಗೆ ಬೇರೆ ಸಂಖ್ಯೆ.

ಬಿಟ್ಟುಕೊಡದೆ ಒಂದೇ ಕಡೆ ಇಟ್ಟದ್ದರ ಗತಿಗೆ ನಮ್ಮವರದೇ ಒಂದು ಕಥೆಯಿದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬರೆದ ಟಿಪ್ಪಣಿಗಳನ್ನು ಹಲವು ವರ್ಷ ಕುಳಿತು ವಿಂಗಡಿಸಿದ್ದರು. ಆ ವಿಂಗಡಿಸಿದ ಟಿಪ್ಪಣಿಗಳಿಗೆ ಮೂರು ಪ್ರತಿಗಳಿದ್ದವು. ಮೂರೂ ಒಂದೇ ಕೋಣೆಯಲ್ಲಿದ್ದವು. 1970ರ ಏಪ್ರಿಲ್ 24ರಂದು ಅಮೇರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಆ ಕಟ್ಟಡಕ್ಕೆ ಬೆಂಕಿಯಿಟ್ಟಾಗ ಮೂರೂ ಸುಟ್ಟುಹೋದವು. ಮೂಲ ದಿನಚರಿಗಳು ದಿಲ್ಲಿಯಲ್ಲಿ ಉಳಿದಿದ್ದುವು. ಆದರೂ ಅವರು ಬಹುಮಟ್ಟಿಗೆ ನೆನಪಿನಿಂದಲೇ ಆ ಊರನ್ನು ಮತ್ತೆ ಕಟ್ಟಿ, 1976ರಲ್ಲಿ ಪ್ರಸಿದ್ಧವಾದ ಪುಸ್ತಕವೊಂದನ್ನು ಪ್ರಕಟಿಸಿದರು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ನಮ್ಮ ವಿದ್ಯಾರ್ಥಿಗಳ ಪೆನ್‌ಡ್ರೈವುಗಳಂತೂ ಬೆಂಕಿಯಿಲ್ಲದೆಯೇ ಕಳೆದುಹೋಗುತ್ತವೆ.

ಕೊನೆಗೆ, ಈ ವರ್ಷ ವಿಷಯ ಹುಡುಕುತ್ತಿರುವವರಿಗೆ ನಾನು ಒಂದನ್ನು ಸೂಚಿಸಬಯಸುತ್ತೇನೆ. ನಮ್ಮ ಹಿರಿಯರು ಮಳೆಯನ್ನು ತಿಂಗಳ ಲೆಕ್ಕದಲ್ಲಿ ಹೇಳುವುದಿಲ್ಲ, ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುವುದರಿಂದ ಪ್ರತಿ ಮಳೆಗೂ ಹೆಚ್ಚುಕಡಿಮೆ ಗೊತ್ತಾದ ತಾರೀಖುಗಳಿವೆ: ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 8ರ ಸುಮಾರಿಗೆ, ಉತ್ತರಿ ಸಪ್ಟೆಂಬರ್ 13ರ ಸುಮಾರಿಗೆ, ಹಸ್ತ 27ರ ಸುಮಾರಿಗೆ ಹೂಡುತ್ತವೆ, ನಿಖರವಾದದ್ದನ್ನು ಪಂಚಾಂಗದಲ್ಲಿ ನೋಡಿಕೊಳ್ಳಿರಿ. ಹವಾಮಾನ ಇಲಾಖೆಯ ದಿನವಾರು ಅಂಕಿಗಳನ್ನು ತೆಗೆದುಕೊಂಡು ತಿಂಗಳಿಗೆ ಬದಲು ಈ ನಕ್ಷತ್ರಗಳಿಗೆ ಕೂಡಿಸಿರಿ. ಮೊದಲಿನ ಐವತ್ತು ವರ್ಷ, ಈಚಿನ ಐವತ್ತು ವರ್ಷ ಎಂದು ಎರಡು ಸಾಲು ಮಾಡಿರಿ. ಹೆಸರು ಬಿತ್ತುವ ಮಿರಗ ಎಷ್ಟು ವರ್ಷಕ್ಕೊಮ್ಮೆ ಕೈಕೊಟ್ಟಿದೆ? ಕಡಲೆಗೆ ಹದ ಕೊಡುವ ಉತ್ತರಿ-ಹಸ್ತಗಳು ಹೆಚ್ಚಿವೆಯೋ ಕಡಿಮೆಯಾಗಿವೆಯೋ? ಉತ್ತರ ಬಂದ ಮೇಲೆ ಆ ಹಾಳೆಯನ್ನು ಹಿಡಿದುಕೊಂಡು ಊರಿನಲ್ಲಿ ಎಪ್ಪತ್ತು ದಾಟಿದ ಹನ್ನೆರಡು ಜನ ಒಕ್ಕಲಿಗರ ಹತ್ತಿರ, ಅವರ ಮನೆಯ ಹೆಣ್ಣುಮಕ್ಕಳ ಹತ್ತಿರವೂ, ಹೋಗಿ ಕೂಡಿರಿ. ಅವರ ನೆನಪು ಎಲ್ಲಿ ಅಂಕಿಗೆ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲವೆಂಬುದನ್ನು ಬರೆದುಕೊಳ್ಳಿರಿ. ಗಣಕಯಂತ್ರ ಕೈಗೆ ಬಾರದವರು ಹತ್ತು ವರ್ಷದ ಅಂಕಿಗಳನ್ನಷ್ಟೆ ಹಿಡಿದು ಚೌಕಳಿ ಹಾಳೆಯ ಮೇಲೆ ಮಾಡಿದರೂ ಸಾಗುತ್ತದೆ. ಹೀಗೆ ಮಾಡಿದ ಕೋಷ್ಟಕದ ಒಂದು ಪ್ರತಿಯನ್ನು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇಡಲು ಸ್ಥಳವಿದೆ. ಹರ್ತಿಯದು, ಮುಳಗುಂದದ್ದು, ಮುಂಡರಗಿಯದು ಎಂದು ಒಂದೊಂದು ಊರಿನದು ಬಂದು ಸೇರಿದರೆ ಮುಂದಿನ ವರ್ಷದ ವಿದ್ಯಾರ್ಥಿಗಳು ಅಲ್ಲಿಂದಲೇ ಪ್ರಾರಂಭಿಸಬಹುದು.